ಶಿವರುದ್ರಮ್ಮನವರ ಕಿರುಬೆರಳು

ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಶಂಭುಲಿಂಗಪ್ಪನವರ ಮಗ ನೀಲಕಂಠಸ್ವಾಮಿ 1956ರಲ್ಲಿ ರಸಾಯನಶಾಸ್ತ್ರದ ಡಾಕ್ಟರಾಗಿ ಬೆಂಗಳೂರಿನಿಂದ ಊರಿಗೆ ಬಂದ. ಮೊದಲ ವಾರದಲ್ಲೇ ಹನ್ನೊಂದು ಜನ ಹೊಟ್ಟೆನೋವಿಗೆ ಔಷಧಿ ಕೇಳಿಕೊಂಡು ಬಂದರು. ತಾನು ಔಷಧಿ ಕೊಡುವವನಲ್ಲ, ಲೋಕದಲ್ಲೇ ಇಲ್ಲದ ವಸ್ತುಗಳನ್ನು ಹೊಸದಾಗಿ ಕಟ್ಟುವವನು ಎಂದು ಅವನು ವಿವರಿಸಿದ. ಬಂದವರು ಮರುಕದಿಂದ ನೋಡಿ ಎದ್ದು ಹೋದರು.

ನಮ್ಮ ಈ ವೀರನ ಕಣ್ಣಿದ್ದದ್ದು ಜ್ಯೂರಿಕ್ ಮೇಲೆ. ಡಾಕ್ಟರೇಟ್ ಮುಗಿಸಿದವರಿಗಾಗಿ ಅಲ್ಲಿನ ಪ್ರೊಫೆಸರೊಬ್ಬರ ಬಳಿ ಎರಡು ವರ್ಷದ ಸಂಶೋಧನಾ ಹುದ್ದೆಯೊಂದಿತ್ತು. ಅವರ ಪತ್ರ ಖಡಾಖಂಡಿತವಾಗಿತ್ತು: ಡಾಕ್ಟರೇಟ್ ಪ್ರಬಂಧದ ಕೊನೆಯಲ್ಲಿ ತಯಾರಿಸಿದ ವಸ್ತುವಿನ ಶುದ್ಧ ಹರಳು, ಅದು ಕರಗುವ ಉಷ್ಣತೆಯ ಸಮೇತ ಮಾರ್ಚ್ ಕೊನೆಯೊಳಗೆ ತಲುಪಬೇಕು. ಇಲ್ಲದಿದ್ದರೆ ಹುದ್ದೆ ಬೇರೆಯವರಿಗೆ.

ಹರಳು ಮಾತ್ರ ಆಗಲೊಲ್ಲದು. ಸೀಸೆಯಲ್ಲಿದ್ದದ್ದು ಹೊಂಬಣ್ಣದ ಅಂಟುಪಾಕ. ಮೈಸೂರಿನಿಂದ ಮರದ ಹೊಟ್ಟಿನಲ್ಲಿ ತರಿಸಿದ ಮಂಜುಗಡ್ಡೆಯಲ್ಲಿ ಅದನ್ನು ಕೂರಿಸಿದ್ದಾಯಿತು. ಗಾಜಿನ ಕಡ್ಡಿಯಿಂದ ಸೀಸೆಯ ಒಳಮೈ ಗೀರಿ ಗೀರಿ ಮನೆಮಂದಿಯ ಹಲ್ಲು ಜುಮ್ಮೆನಿಸಿದ್ದೂ ಆಯಿತು. ಒಂದೇ ಒಂದು ಹರಳಿದ್ದರೆ ಅದನ್ನೇ ಹೆಪ್ಪು ಹಾಕಬಹುದಿತ್ತು. ಆದರೆ ಯಾರೂ ಮಾಡಿರದ ವಸ್ತುವಿನ ಹೆಪ್ಪನ್ನು ಯಾರ ಮನೆಯಿಂದ ಕಡ ತರುವುದು?

ಗಡುವಿಗೆ ತಿಂಗಳಿದೆ ಎನ್ನುವಾಗ, ಚಾಮರಾಜನಗರದ ಬಳಿ ಆಲೆಮನೆ ನಡೆಸುತ್ತಿದ್ದ ಸೋದರತ್ತೆ ಶಿವರುದ್ರಮ್ಮ ಬೆಲ್ಲ ತಿನ್ನಲು ಕರೆಸಿಕೊಂಡರು. ಸೀಸೆಯನ್ನು ಅಗಲಿರಲಾರದೆ ಅದನ್ನೂ ತೊಡೆಯ ಮೇಲೆ ಕೂರಿಸಿಕೊಂಡು ತೆರಕಣಾಂಬಿ ಮಾರ್ಗದ ಬಸ್ ಹತ್ತಿದ. ಕುಲುಕಾಟಕ್ಕೆ ಪಾಕ ಸೀಸೆಯ ಕೊರಳಿಗೆಲ್ಲ ಮೆತ್ತಿಕೊಂಡಿತು. ಅತ್ತೆಯ ಉಪಚಾರದಲ್ಲಿ ಮೂರು ದಿನ ಅದರ ನೆನಪೇ ಬರಲಿಲ್ಲ.

ನಾಲ್ಕನೆಯ ದಿನ ಪಾಕ ಹರಳಾಗದ ಗೋಳನ್ನು ಅತ್ತೆಗೆ ಹೇಳಿಕೊಳ್ಳುತ್ತ ಬಿರಡೆ ತೆಗೆದು, ರೂಢಿಯಂತೆ ಕೊರಳನ್ನು ಒರೆಸಲು ಬಟ್ಟೆ ಎತ್ತಿದ. ಅತ್ತೆ ಕೈ ಹಿಡಿದರು.

"ತಡಿಲಾ. ದಿನಾ ಇಂಗೇ ಒರೆಸ್ತೀಯಾ?"

"ಹ್ಞೂ ಅತ್ತೆ. ಕೊಳೆ ನಿಲ್ಲಬಾರದು."

"ಅದು ಕೊಳೆಯಲ್ಲ ಕಣ್ಲಾ. ಕೊಪ್ಪರಿಗೆ ಅಂಚಲ್ಲಿ ಒಣಗಿದ್ದೇ ಮೊದ್ಲು ಗಟ್ಟಿಯಾಗೋದು. ಪಾಕ ಗಟ್ಟಿಯಾಗ್ದೆ ಮೊಂಡು ಬಿದ್ರೆ ಅದ್ನೇ ಕೆರ್ದು ಒಳಕ್ಕೆ ಹಾಕ್ತೀವಿ. ಅಷ್ಟೊಂದು ಓದ್ಬುಟ್ಟು ಹೆಪ್ಪ ದಿನಾ ಒರೆಸಿ ಬಿಸಾಕ್ತಿದ್ದೀಯಲ್ಲ."

ಉಗುರು ಶುದ್ಧವಲ್ಲ ಎಂದು ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯ ಕಿರುಬೆರಳು ಕೊರಳೊಳಗೆ ಇಳಿದು, ಒಣಗಿದ ಚಕ್ಕೆಯೊಂದನ್ನು ಕೆರೆದು ಪಾಕಕ್ಕೆ ಬೀಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಚಕ್ಕೆಯ ಸುತ್ತ ಬಿಳಿ ಸೂಜಿಯೊಂದು ಎದ್ದಿತು, ಅದರ ಬೆನ್ನಿಗೆ ನೂರು, ನೂರರ ಬೆನ್ನಿಗೆ ಇಡೀ ದಂಡು. ಸಂಜೆಯೊಳಗೆ ಸೀಸೆ ಬೆಳ್ಳಗೆ ಗಟ್ಟಿಯಾಗಿತ್ತು.

ಊರಿಗೆ ಮರಳಿ ಹರಳನ್ನು ಮೂರು ಸಲ ಶುದ್ಧಿ ಮಾಡಿದ. ಹರಳು ತುಂಬಿದ ಎಳೆಗಾಜಿನ ನಳಿಕೆಯನ್ನು ಥರ್ಮಾಮೀಟರಿಗೆ ಕಟ್ಟಿ, ಹರಳೆಣ್ಣೆಯಲ್ಲಿ ಅದ್ದಿ ಕಾಯಿಸಿ ನೋಡಿದರೆ ಮೂರು ಸಲವೂ ನೂರ ಮೂವತ್ತೊಂದು ಡಿಗ್ರಿಗೇ ಕರಗಿತು. ರಿಜಿಸ್ಟರ್ ಟಪಾಲು ಜ್ಯೂರಿಕ್ಕಿಗೆ ಹಾರಿತು.

ಏಪ್ರಿಲಿನಲ್ಲಿ ಉತ್ತರ ಬಂತು: ಹುದ್ದೆ ನಿನ್ನದು, ಅಕ್ಟೋಬರಿಗೆ ಬಾ. ಶಂಭುಲಿಂಗಪ್ಪನವರು ಅರ್ಥವಾಗದ ಆ ಕಾಗದವನ್ನು ಈರುಳ್ಳಿ ಮಂಡಿಯಲ್ಲಿ ಎಲ್ಲರಿಗೂ ಎರಡೆರಡು ಸಲ ತೋರಿಸಿದರು. ಮಗ ಮಾತ್ರ ಮೊದಲ ಬಸ್ಸಿಗೇ ಚಾಮರಾಜನಗರಕ್ಕೆ ಹೋಗಿ ಅತ್ತೆಯ ಕಾಲಿಗೆ ಬಿದ್ದ.

"ಅಲ್ಲೂ ಪಾಕ ಮೊಂಡು ಬಿದ್ರೆ ಕಾಗ್ದ ಬರಿ ಕಣ್ಲಾ," ಎಂದರು ಶಿವರುದ್ರಮ್ಮ. "ನಾ ಅಲ್ಲಿಗೆ ಬರೋಕೆ ಆಗ್ದಿದ್ರೂ ಬೈದು ಬರೀತೀನಿ."