ತಂತಿಯ ಮೇಲೆ ಗುರುತಿನ ಪರೇಡ್

ಬೊಮ್ಮಸಂದ್ರದ ಸುತ್ತ ಕಾರ್ಖಾನೆಗಳು ಏಳತೊಡಗಿದ್ದ ಎಂಬತ್ತರ ದಶಕದಲ್ಲಿ, ಅಲ್ಲೇ ಹತ್ತಿರದ ಹಳ್ಳಿಯೊಂದರ ಮ್ಯಾನುಯಲ್ ಎಕ್ಸ್‌ಚೇಂಜಿನಲ್ಲಿ ನಾನು ಆಪರೇಟರ್ ಆಗಿದ್ದೆ. ಡಯಲ್ ಇಲ್ಲದ ಫೋನುಗಳು. ಜನ ಹಿಡಿ ತಿರುಗಿಸಿದರೆ ನನ್ನ ಬೋರ್ಡಿನಲ್ಲಿ ಅವರ ಲೈನಿನ ಗುರುತಿನ ಬಿಲ್ಲೆ ಬೀಳುತ್ತಿತ್ತು. ನಾನು ತಂತಿ ಚುಚ್ಚಿ ಬೇಕಾದವರಿಗೆ ಸೇರಿಸುತ್ತಿದ್ದೆ. ನಂಬರನ್ನು ಯಾರೂ ಹೇಳುತ್ತಿರಲಿಲ್ಲ. "ಅಕ್ಕಾ, ಡಾಕ್ಟ್ರನ್ನ ಕೊಡಿ" ಅನ್ನುವರು. ಊರಿನ ಅರ್ಧ ಜನರ ಮುಖ ಗೊತ್ತಿಲ್ಲದಿದ್ದರೂ ನನಗೆ ಅವರ ಗಂಟಲು ಗೊತ್ತಿತ್ತು.

ಊರಿಗೆ ಅಂಟಿಕೊಂಡಿದ್ದ ಬಣ್ಣದ ಕಾರ್ಖಾನೆ ತನ್ನ ಕೊಳೆನೀರನ್ನು ಕುಡಿಯುವ ಬಾವಿಯ ಪಕ್ಕದ ಹಳ್ಳಕ್ಕೆ ಕದ್ದು ಬಿಡುತ್ತಿತ್ತು. ಒಂದು ಮಧ್ಯಾಹ್ನ ಕಿರಾಣಿ ಅಂಗಡಿಯ ಪಬ್ಲಿಕ್ ಫೋನಿನಿಂದ ಆ ಕಾರ್ಖಾನೆಯ ಪ್ಯಾಕಿಂಗ್ ಹೆಂಗಸೊಬ್ಬಳು ಬೆಂಗಳೂರಿನ ಸರ್ಕಾರಿ ಕಚೇರಿ ಕೇಳಿದಳು. ಹೆಸರು ಹೇಳಲಿಲ್ಲ; ನನಗೆ ಧ್ವನಿಯೇ ಸಾಕಾಗಿತ್ತು. ಅವಳ ಕೂಲಿ ನಿಂತರೆ ಮನೆಯ ಒಲೆ ಆರುತ್ತದೆಂದೂ ಗೊತ್ತಿತ್ತು. ಲೈನ್ ತೀರಾ ಕ್ಷೀಣವಾಗಿದ್ದರಿಂದ, ನೀರು ಬಿಡುವ ಹೊತ್ತು ಸಮೇತ ಅವಳ ಮಾತನ್ನೆಲ್ಲ ನಾನೇ ನಡುವೆ ಕೂತು ಆ ಕಡೆಗೆ ಕೂಗಿ ಮುಟ್ಟಿಸಿದೆ.

ಅಧಿಕಾರಿಗಳು ಸರಿಯಾಗಿ ಅದೇ ಹೊತ್ತಿಗೆ ಬಂದು ಪೈಪಿಗೆ ಸೀಲ್ ಹಾಕಿದರು. ಮರುದಿನ ಕಾರ್ಖಾನೆಯ ಮ್ಯಾನೇಜರ್ ನಮ್ಮ ಎಕ್ಸ್‌ಚೇಂಜಿಗೆ ಬಂದ. ನಮ್ಮ ಸೂಪರ್‌ವೈಸರ್ ಅವನ ಹಿಂದೆ ಕೈಕಟ್ಟಿ ನಿಂತಿದ್ದರು.

"ಆ ಹೊತ್ತು ಪ್ಯಾಕಿಂಗ್‌ನವ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಮೇಡಂ. ಫೋನ್ ಮಾಡಿದ್ದು ಯಾವಳು ಅಂತ ಹೇಳಿ, ಇವತ್ತೇ ಮನೆಗೆ ಕಳಿಸ್ತೀನಿ."

"ಕೇಳಿಸ್ಕೊಳ್ಳೋದು ನನ್ನ ಕೆಲ್ಸ ಸಾರ್. ಹೇಳೋದಲ್ಲ."

ಅಷ್ಟಕ್ಕೇ ಬಿಡುವ ಆಸಾಮಿಯಲ್ಲ. ಸಂಜೆ ಪ್ಯಾಕಿಂಗ್ ಹೆಂಗಸರನ್ನೆಲ್ಲ ತನ್ನ ಕೋಣೆಯಲ್ಲಿ ಸಾಲಾಗಿ ನಿಲ್ಲಿಸಿ ನನಗೆ ಫೋನ್ ಮಾಡಿದ. "ಒಬ್ಬೊಬ್ರೂ ಹಲೋ ಅಂತಾರೆ. ಅವಳ ಧ್ವನಿ ಬಂದಾಗ ಹೂಂ ಅನ್ನಿ, ಸಾಕು. ನಿಮ್ಮ ಸೂಪರ್‌ವೈಸರೂ ಇಲ್ಲೇ ಕೂತಿದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ತಂತಿ ಕಿತ್ತರೆ, ಯಾರ ಸರದಿಗೆ ಕಿತ್ತೆ ಎಂಬುದೇ ಗುರುತಾಗಿಬಿಡುತ್ತಿತ್ತು. ಹಲ್ಲು ಕಚ್ಚಿ ಕೂತೆ. ಒಬ್ಬೊಬ್ಬರಾಗಿ "ಅಲೋ" ಅಂದರು. ಅವಳೂ ಅಂದಳು. ಎಲ್ಲರಿಗೂ ನನ್ನದು ಒಂದೇ ಉತ್ತರ: "ಹೇಳಮ್ಮಾ, ಯಾರನ್ನ ಕೊಡ್ಲಿ?"

ಕೊನೆಗೆ ಮ್ಯಾನೇಜರ್ ರಿಸೀವರ್ ಕಿತ್ತುಕೊಂಡು ಗದರಿದ. "ಸಿಕ್ಕಿದ್ಲೋ ಇಲ್ವೋ?"

"ಸಿಕ್ತು ಸಾರ್. ಮೊನ್ನೆ ಮಾತಾಡಿದ್ದು ಇದೇ ಧ್ವನಿ. ಈಗ ನೀವು ಮಾತಾಡ್ತಿದೀರಲ್ಲ, ಇದೇ." ರಿಸೀವರ್ ದಾಟಿ ಕೋಣೆಗೆಲ್ಲ ಕೇಳುವಂತೆ ಕೂಗಿದೆ.

ಅವನ ಹಿಂದೆ ಹೆಂಗಸರು ಕಿಸಕ್ಕನೆ ನಕ್ಕದ್ದು ನನಗೆ ಚೆನ್ನಾಗಿ ಕೇಳಿಸಿತು.

ತಿಂಗಳು ತುಂಬುವುದರೊಳಗೆ ನನ್ನನ್ನು ರಾಯಚೂರಿನ ಕಡೆಗೆ ಎತ್ತಂಗಡಿ ಮಾಡಿದರು. ಪೆಟ್ಟಿಗೆ ಕಟ್ಟಿಕೊಂಡು ಹೋದೆ; ಕ್ಷಮೆ ಮಾತ್ರ ಕೇಳಲಿಲ್ಲ. ಅವಳ ಕೆಲಸ ಉಳಿಯಿತು.

ಈಗ ನಾಗಸಂದ್ರದಲ್ಲಿ ಮಗಳ ಮನೆಯಲ್ಲಿದ್ದೇನೆ. ಈ ಕಥೆ ಕೇಳಿದವರೆಲ್ಲ, ಕಾರ್ಖಾನೆಯೇ ಮುಚ್ಚಿತಲ್ಲ, ಈಗಲಾದರೂ ಹೆಸರು ಹೇಳಿ ಅನ್ನುತ್ತಾರೆ. ಕಿವಿಗೆ ಬಿದ್ದದ್ದೆಲ್ಲ ನಮ್ಮ ಸ್ವತ್ತಲ್ಲ ಎಂದು ಆ ಬೋರ್ಡು ನನಗೆ ಕಲಿಸಿದೆ. ಹೆಸರಿರಲಿ, ಆ ಸಾಲಿನಲ್ಲಿ ಅವಳು ಎಷ್ಟನೆಯವಳೆಂದೂ ನಾನು ಬರೆಯುವುದಿಲ್ಲ.