ಗೆರೆ ಇಲ್ಲದ ಸೋಲಾರ್ ಪ್ಲೇಟು

ಮೋಟೆಬೆನ್ನೂರಿನ ಗದಿಗೆವ್ವನ ಮುಂದೆ ಮೆಣಸಿನಕಾಯಿಯ ಬಗ್ಗೆ ಬಾಯಿ ಬಿಡುವವರು ಹಾವೇರಿಯವರೆಗೂ ಯಾರೂ ಇಲ್ಲ. ಬ್ಯಾಡಗಿ ಕಾಯಿ ಅಂದರೆ ಮೈತುಂಬ ಸುಕ್ಕಿರಬೇಕು. ನುಣ್ಣಗಿದ್ದರೆ ಮೂಗು ಮುರಿದು ಅತ್ತ ಸರಿಸಿಬಿಡುತ್ತಾಳೆ. ಕಾಯಿ ಒಣಹಾಕುವ ಮಾಳಿಗೆಯ ಮೇಲೆ ಆಕೆಯದೇ ದರ್ಬಾರು. ಅಲ್ಲಿ ಬಟ್ಟೆ ಒಣಹಾಕಲು ಆಕೆ ಕಟ್ಟಿದ ಹಗ್ಗವನ್ನೂ ಯಾರೂ ಮುಟ್ಟುವಂತಿಲ್ಲ.

ಅಂಥ ಮಾಳಿಗೆಯ ಮೇಲೆ ಸೊಸೆ ಸುರೇಖಾಳ ಕಣ್ಣು ಬಿತ್ತು. ಆಕೆಗೆ ಖಾರದಪುಡಿಯ ಗಿರಣಿ ಹಾಕುವಾಸೆ. ಹೋಗಿ ಬಂದು ಮಾಡುವ ಕರೆಂಟನ್ನು ನೆಚ್ಚಿ ಕೂತರಾಯಿತೇ, ಸೋಲಾರ್ ಬೇಕು. ಸಾದಾ ಪ್ಲೇಟು ಹಾಕಿದರೆ ಕಾಯಿ ಹರವಲು ಜಾಗ ಸಾಲದು. ಅತ್ತೆಯ ಮನಸ್ಸು ನೋಯಬಾರದೆಂದೇ, ಕಡಿಮೆ ಜಾಗದಲ್ಲಿ ಹೆಚ್ಚು ಕರೆಂಟು ಕೊಡುವ ಹೊಸ ನಮೂನೆಯದನ್ನು ರಾಣೆಬೆನ್ನೂರಿನ ಅಂಗಡಿಯ ಚೇತನಕುಮಾರನಿಂದ ತರಿಸಿದಳು.

ಚೇತನಕುಮಾರ ಗಾಡಿಯಿಂದ ಇಳಿಸಿದ ಪ್ಲೇಟು ನೋಡಿದ್ದೇ ಗದಿಗೆವ್ವನ ಮುಖ ಗಂಟಾಯಿತು.

"ಎದರಮನಿ ಪ್ಲೇಟಿನ ಮ್ಯಾಲೆ ಬೆಳ್ಳಿ ಗೆರಿ ಅದಾವು. ಇದು ನೋಡಿದ್ರ ನುಣ್ಣಗ ಐತಿ. ಡುಪ್ಲಿಕೇಟ್ ಮಾಲು. ವಾಪಸ್ ಒಯ್ಯಿ ತಮ್ಮಾ, ನನ್ನ ಮಾಳಗಿ ಏರೂದು ಬ್ಯಾಡ."

ಸುರೇಖಾಳ ಮುಖ ಬಾಡಿತು. ಅತ್ತೆಯ ಮಾತು ಮೀರಿ ಗಿರಣಿ ಹಾಕುವವಳಲ್ಲ ಅವಳು.

ಚೇತನಕುಮಾರ ಚೀಲದಿಂದ ಒಂದು ಬಿಡಿ ಬಿಲ್ಲೆ ತೆಗೆದ. "ಪ್ಲೇಟಿನ ಒಳಗ ಇಂಥಾವ ಇರ್ತಾವ್ರಿ. ಹೊಳ್ಳಿಸಿ ನೋಡ್ರಿ ಅವ್ವಾರ."

ತಿರುವಿದರೆ ಬೆನ್ನ ತುಂಬ ಗೆರೆ.

"ಕರೆಂಟ್ ಒಯ್ಯೂ ಗೆರಿ ಮುಂದಿದ್ರ ಅಷ್ಟು ಬಿಸಲಿಗೆ ಅಡ್ಡ ಆಕ್ಕಾವ್ರಿ. ಅದಕ್ಕ ಇದರಾಗ ಎಲ್ಲಾ ಹಿಂದ ಇಟ್ಟಾರ."

ಗದಿಗೆವ್ವ ಬಿಲ್ಲೆಯನ್ನು ಹಿಂದೆ ಮುಂದೆ ಮಾಡಿ ಬಹಳ ಹೊತ್ತು ನೋಡಿದಳು. ತಪ್ಪಾಯಿತು ಅಂತ ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಆ ಹೆಂಗಸು. "ಏರಸ್ರಿ. ಜ್ವಾಕಿ, ಕಾಯಿ ತುಳದೀರಿ" ಅಂದವಳೇ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಸುರೇಖಾ ಮಾಳಿಗೆ ಹತ್ತಿದರೆ, ಅತ್ತೆ ತನ್ನ ಹಗ್ಗದ ಗಂಟು ಬಿಚ್ಚುತ್ತಿದ್ದಾಳೆ.

"ಯಾಕ್ರಿ ಅತ್ತಿ?"

"ಇದರ ನೆರಳು ನಿನ್ನ ಪ್ಲೇಟಿನ ಮ್ಯಾಲೆ ಗೆರಿ ಎಳದಂಗ ಬೀಳಾಕತ್ತೇತಿ. ಹಿತ್ತಲದಾಗ ಕಟ್ಟತೇನಿ."

ಸುರೇಖಾಳಿಗೆ ಕಣ್ಣು ತುಂಬಿ ಬಂತು. ತಾಯಿ ಕೂಡ ತನಗಾಗಿ ಇಷ್ಟು ಮಾಡಿರಲಿಕ್ಕಿಲ್ಲ ಅನ್ನಿಸಿತು.

"ನಿಂತು ನೋಡಿದ್ರ ಆತೇನ?" ಅಂದಳು ಗದಿಗೆವ್ವ. "ಆ ಕಡಿ ಗಂಟು ಬಿಚ್ಚು. ಲಗೂನ ಗಿರಣಿ ಚಾಲೂ ಆಗಬೇಕು."