ನಾನು ದೇವಿಯಾಗಿದ್ದ ಆ ವಾರ

ಫಿಟ್ಸ್ ಬಂದು ಎರಡು ಸಲ ಬಿದ್ದ ಮೇಲೆ ಕಾರವಾರದ ಡಾಕ್ಟರು ನನಗೆ ಮಾತ್ರೆ ಕೊಟ್ಟರು. ಒಂದು ಹೊತ್ತೂ ತಪ್ಪಿಸಬೇಡ, ಮೈಮೇಲೆ ಏನಾದರೂ ಎದ್ದರೆ ಕೂಡಲೇ ಬಾ ಎಂದಿದ್ದರು. ಮೊದಲನೆಯದನ್ನು ಅತ್ತೆ ಗಟ್ಟಿಯಾಗಿ ಹಿಡಿದರು. ದಿನಾ ಎದುರಿಗೆ ನಿಂತು ನುಂಗಿಸುತ್ತಿದ್ದರು. ಎರಡನೆಯದು ಬಸ್ಸು ಅಂಕೋಲೆ ಮುಟ್ಟುವಷ್ಟರಲ್ಲಿ ನಮ್ಮಿಬ್ಬರಿಗೂ ಮರೆತೇಹೋಗಿತ್ತು.

ಮೂರನೇ ವಾರ ಜ್ವರ ಬಂತು. ಕುತ್ತಿಗೆಯಲ್ಲಿ ಗಂಟು, ಊದಿದ ಮುಖ, ಮೈತುಂಬ ಕೆಂಪು ಗಂದೆ. ಅತ್ತೆ ಒಂದು ಸಲ ನೋಡಿದರು, ಸೆರಗು ಸರಿಮಾಡಿಕೊಂಡು ಕೈ ಮುಗಿದೇಬಿಟ್ಟರು.

"ಅಮ್ಮ ಬಂದಿದಾಳೆ."

ನಮ್ಮ ಕಡಲ ತಡಿಯ ಮನೆಗಳಲ್ಲಿ ಸಿಡುಬಿನಂಥದ್ದು ಎದ್ದರೆ ಅದು ಕಾಯಿಲೆಯಲ್ಲ, ದೇವಿ. ಔಷಧಿ ಕೊಟ್ಟರೆ ಅವಳಿಗೆ ಅವಮಾನ. ಪೂಜೆ ಮಾಡಿ, ಸಮಾಧಾನಪಡಿಸಿಯೇ ಅವಳನ್ನು ಕಳಿಸಿಕೊಡಬೇಕು. ಒಗ್ಗರಣೆ ಹಾಕುವಂತಿಲ್ಲ, ಮೀನು ಒಳಗೆ ತರುವಂತಿಲ್ಲ. ಮೀನೇ ಕಸುಬಾದ ಮನೆಯಲ್ಲಿ! ನನ್ನ ಗಂಡ ದೋಣಿಯಿಂದ ಇಳಿದು, ಬಾವಿಕಟ್ಟೆಯಲ್ಲಿ ಸೋಪು ಉಜ್ಜಿ ಉಜ್ಜಿ ಮಿಂದು, ಬರೀ ಗಂಜಿ ಉಂಡು ಮಲಗುತ್ತಿದ್ದ.

"ಅತ್ತೆ, ಮಾತ್ರೆ ಬಿಟ್ಟು ಮತ್ತೆ ಫಿಟ್ಸ್ ಬಂದ್ರೆ?" ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

"ದೇವಿ ಮೈಮೇಲಿರುವಾಗ ಫಿಟ್ಸಿಗೆ ಒಳಗ್ ಬರೂಕೆ ಧೈರ್ಯ ಉಂಟಾ ತಾಯೀ?"

ತಾಯಿಯಂತೆ! ಬೆಳಗಿನವರೆಗೂ ನಾನು "ಏ ಹೆಣ್ಣೇ" ಆಗಿದ್ದವಳು.

ನನ್ನನ್ನು ಬೇವಿನ ಸೊಪ್ಪಿನ ಮೇಲೆ ಮಲಗಿಸಿದರು. ಕೇರಿಯ ಹೆಂಗಸರು ಹೂವು, ಎಳನೀರು ಹಿಡಿದು ಬಂದು ಕಾಲು ಮುಟ್ಟಿದರು. ಒಬ್ಬಳಿಗೆ ಮಗಳ ಮದುವೆಯ ಚಿಂತೆ, ಇನ್ನೊಬ್ಬಳಿಗೆ ಕೆಟ್ಟ ಇಂಜಿನ್ನಿನ ಚಿಂತೆ. ನನಗೆ ಮೈಯೆಲ್ಲ ತುರಿಕೆ. "ಅಯ್ಯೋ, ನಂಗೇನು ಗೊತ್ತು!" ಎಂದರೆ "ಪರೀಕ್ಷೆ ಮಾಡ್ತಾಳೆ" ಎಂದು ಇನ್ನೊಂದು ಎಳನೀರು ಇಡುತ್ತಿದ್ದರು. ಎಷ್ಟೂಂತ ಕುಡಿಯಲಿ!

ಒಂದು ಮಧ್ಯಾಹ್ನ ನೆರೆಮನೆಯವಳು ಹೊಸ ಬಲೆ ತರಲೋ ಬೇಡವೋ ಎಂದು ಕೇಳುತ್ತಿದ್ದಳು. ಅಷ್ಟೇ ನೆನಪು. ಮುಂದಿನದು ಗಂಡ ಹೇಳಿದ್ದು. ನನ್ನ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಳೆಯತೊಡಗಿತಂತೆ. ಹೆಂಗಸರೆಲ್ಲ ದೇವಿ ಮೈದುಂಬಿದಳು ಎಂದು ಅಡ್ಡಬಿದ್ದರಂತೆ. ಒಬ್ಬಳು ಆರತಿ ಹಚ್ಚಲು ಓಡಿದಳಂತೆ. ಬಲೆಯವಳು ಮಾತ್ರ "ಹೂಂ ಅಂದ್ಲು, ಹೂಂ ಅಂದ್ಲು!" ಎಂದು ಕುಣಿದಳಂತೆ.

ಅತ್ತೆ ಅಡ್ಡಬೀಳಲಿಲ್ಲ. ಆ ಸೆಳೆತವನ್ನು ಅವರು ಮೊದಲೇ ಕಂಡವರು. "ಏಳ್ರೇ ಎಲ್ಲ! ದೇವಿ ಅಲ್ಲ ಅದು, ಫಿಟ್ಸು!" ಎಂದು ಅಡ್ಡಬಿದ್ದವರನ್ನು ದಾಟಿ ಬಂದು ನನ್ನನ್ನು ಮಗ್ಗುಲಿಗೆ ಹೊರಳಿಸಿದರು. ಸಿಕ್ಕಿದ್ದು ಮೀನಿನ ಟೆಂಪೋ. ಹಣೆಯಲ್ಲಿ ಅಷ್ಟು ದೊಡ್ಡ ಕುಂಕುಮ ಹೊತ್ತ ನಾನು, ಬಂಗಡೆಯ ಪೆಟ್ಟಿಗೆಗಳ ನಡುವೆ ಕಾರವಾರಕ್ಕೆ ಹೊರಟೆ. ಎಚ್ಚರವಾದಾಗ ಟೆಂಪೋ ಬಿಣಗಾ ದಾಟಿ ಕಾರವಾರದ ಹತ್ತಿರ ಬಂದಿತ್ತು.

ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕುತ್ತಿಗೆಯ ಗಂಟು ಮುಟ್ಟಿ ನೋಡಿದರು.

"ಇದು ಸಿಡುಬಲ್ಲಮ್ಮ. ಆ ಮಾತ್ರೆ ಕೆಲವರ ಮೈಗೆ ಆಗೂದಿಲ್ಲ. ರೋಗದ ಜೊತೆ ಹೊಡೆದಾಡಬೇಕಾದ ಶಕ್ತಿ ತಿರುಗಿ ಸ್ವಂತ ಮೈಯನ್ನೇ ಹೊಡೀತದೆ. ಲಿವರಿಗೂ ಪೆಟ್ಟಾಗಿದೆ. ಮಾತ್ರೆ ನಿಂತದ್ದು ಒಳ್ಳೇದಾಯ್ತು. ಆದ್ರೆ ನನ್ನ ಕೇಳದೆ, ಬದಲಿ ಇಲ್ಲದೆ ನಿಲ್ಲಿಸಿದ್ದಕ್ಕೇ ಫಿಟ್ಸ್ ಬಂತು. ಬೇರೆ ಕೊಡ್ತೇನೆ. ಆ ಹಳೇದನ್ನ ಜನ್ಮದಲ್ಲಿ ಮುಟ್ಟಬಾರದು."

ಅತ್ತೆ ನನ್ನ ಹಣೆಯ ಕುಂಕುಮ ನೋಡಿ, ಡಾಕ್ಟರ ಕಡೆ ತಿರುಗಿದರು.

"ಹಂಗಾದ್ರೆ ದೇವಿ ಬರ್ಲೇ ಇಲ್ವಾ?"

"ಇಲ್ಲಮ್ಮ."

"ಇದು ಬರೀ ನನ್ನ ಸೊಸೆಯಾ?"

"ಬರೀ ನಿಮ್ಮ ಸೊಸೆ."

ವಾರವಿಡೀ ನನ್ನ ಕಾಲು ಮುಟ್ಟಿದ ಅತ್ತೆ ಆಗ ನನ್ನ ಊದಿದ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಗೊಳೋ ಎಂದು ಅತ್ತರು.

"ದೇವಿನ ಹ್ಯಾಂಗೆ ಕಳ್ಸೂದು ಅಂತ ನಂಗೆ ಗೊತ್ತಿತ್ತು, ಹೆಣ್ಣೇ. ನಿನ್ನ ಕಳ್ಕಂಡಿದ್ರೆ ನಾ ಎಂತ ಮಾಡೂದು?"